ಕುಡುಪು ಹೆಣೆಯಲು ಹೋದ ಭಾನುವಾರಗಳು

ಟೀಚರ್ ಟ್ರೈನಿಂಗಿನಲ್ಲಿ ನಾನು ಮೊದಲ ಸಲ ಫೇಲಾದದ್ದು ಗಣಿತದಲ್ಲೂ ಅಲ್ಲ, ಮನಶ್ಶಾಸ್ತ್ರದಲ್ಲೂ ಅಲ್ಲ, ಕ್ರಾಫ್ಟಿನಲ್ಲಿ. ತುರ್ತುಪರಿಸ್ಥಿತಿ ಮುಗಿದು ಒಂದೆರಡು ವರ್ಷವಾಗಿತ್ತು. ಉಡುಪಿಯ ನಮ್ಮ ತರಬೇತಿ ಸಂಸ್ಥೆಯಲ್ಲಿ ಪ್ರತಿಯೊಬ್ಬರೂ ಒಂದು ಕೈಕೆಲಸ ಕಲಿಯಬೇಕು. ಕೈಯಾರೆ ಮಾಡಿದ ಒಂದು ವಸ್ತುವನ್ನೂ ಅದನ್ನು ಹೇಗೆ ಮಾಡಿದೆವೆಂದು ಬರೆದ ರೆಕಾರ್ಡ್ ಪುಸ್ತಕವನ್ನೂ ಪರೀಕ್ಷಕರ ಮುಂದಿಡಬೇಕು. ಉಳಿದ ಹುಡುಗಿಯರು ಟೇಬಲ್ ಕ್ಲಾತಿನ ಮೇಲೆ ನವಿಲಿನ ಕಸೂತಿ ಹಾಕಿದರು. ನಾನು ತೆಂಗಿನ ನಾರಿನ ಕಾಲೊರಸು ಮಾಡಿದೆ. ಪರೀಕ್ಷಕರು ಎತ್ತಿ ನೋಡುವಾಗ ಅರ್ಧ ಅವರ ಕೈಯಲ್ಲಿ ಬಂತು, ಅರ್ಧ ಮೇಜಿನ ಮೇಲೆ ಉಳಿಯಿತು.

ನಗುವವರೆಲ್ಲ ನಕ್ಕಾಯಿತು. ನನಗೆ ಮಾತ್ರ ನಗುವ ಸ್ಥಿತಿ ಇರಲಿಲ್ಲ. ಅಪ್ಪನಿಗೆ ಹುಷಾರಿಲ್ಲದೆ ಕಟಪಾಡಿಯ ಅಂಗಡಿ ಮುಚ್ಚಿ ವರ್ಷ ಕಳೆದಿತ್ತು. ಕಾಪುವಿನಲ್ಲಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಶಾಲೆಯಲ್ಲಿ ಒಂದು ಜಾಗ ಖಾಲಿ ಇತ್ತು. ಅಲ್ಲಿಯ ಹೆಡ್‌ಮಾಸ್ಟರು ಅಪ್ಪನ ಪರಿಚಯದವರು. "ಜೂನ್ ತನಕ ಹೇಗಾದರೂ ತಡೆದು ಹಿಡಿಯುತ್ತೇನೆ. ಸರ್ಟಿಫಿಕೇಟ್ ಇಲ್ಲದೆ ಮಾತ್ರ ಬರಬೇಡ" ಎಂದಿದ್ದರು. ಹಾಗಾಗಿ ಆ ಎರಡನೆಯ ಸಲದ ಕ್ರಾಫ್ಟ್ ಪರೀಕ್ಷೆಯ ಮೇಲೆ ನಮ್ಮ ಮನೆಯ ಅನ್ನ ನಿಂತಿತ್ತು.

ನಮ್ಮ ಕ್ರಾಫ್ಟ್ ಮೇಷ್ಟ್ರು ಒಳ್ಳೆಯವರೇ. "ಮನೆಯಲ್ಲಿ ದಿನಾ ಮುಟ್ಟುವ ವಸ್ತು ಎಂತ ಉಂಟು ನೋಡು. ಅದನ್ನೇ ಮಾಡು. ಕಂಡು ಗೊತ್ತಿದ್ದರೆ ಕೈಗೂ ಬೇಗ ಬರುತ್ತದೆ" ಎಂದರು. ದಿನಾ ಮುಟ್ಟುವುದೆಂದರೆ ಕುಡುಪು. ಬೆಂದ ಕುಚ್ಚಲಕ್ಕಿ ಅನ್ನವನ್ನು ಬಸಿಯುವ ದುಂಡಗಿನ ಬುಟ್ಟಿ ಅದು. ಗಂಜಿತಿಳಿ ಕೆಳಗಿಳಿಯಬೇಕು, ಅಗುಳು ಮೇಲುಳಿಯಬೇಕು. ಆದರೆ ಅದನ್ನು ಮಾಡುವವರು ಕೊರಗರು, ಊರಿನವರು ಮುಟ್ಟಿಸಿಕೊಳ್ಳದೆ ದೂರವಿಟ್ಟ ಜನ. ಅವರು ಅಂಗಳಕ್ಕೆ ತಂದು ಇಟ್ಟು ಹೋಗುವುದನ್ನು ನೋಡಿದ್ದೆನೇ ಹೊರತು ಹೆಣೆಯುವುದನ್ನು ಕಂಡವಳಲ್ಲ.

ದಾರಿ ತೋರಿಸಿದವಳು ನಮ್ಮ ನೆರೆಮನೆಯಲ್ಲಿ ಬೆಳೆದ, ಆಗ ಮಣಿಪಾಲದಲ್ಲಿ ನರ್ಸ್ ಆಗಿದ್ದ ಗೆಳತಿ. ಕಾರ್ಕಳದ ಕಡೆಯ ಊರುಗಳಿಗೆ ಮಕ್ಕಳಿಗೆ ಚುಚ್ಚುಮದ್ದು ಕೊಡಲು ಹೋಗುವುದು ಅವಳ ಕೆಲಸ. ಬೈಲೂರು ದಾಟಿ ಒಳಗೆ ಒಂದು ಮೈಲು ನಡೆದರೆ ಕೊರಗರ ಐದಾರು ಮನೆಗಳುಂಟು, ಅಲ್ಲಿಯ ಒಬ್ಬ ಹಿರಿಯಾಕೆ ಹೆಣಿಗೆಯಲ್ಲಿ ಎತ್ತಿದ ಕೈ ಎಂದಳು. ಒಂದು ಭಾನುವಾರ ಅವಳ ಜೊತೆ ಹೊರಟೆ. ಕಾಪುವಿನಿಂದ ಉಡುಪಿ, ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲದ ಏರು ಹತ್ತಿ, ಹಿರಿಯಡ್ಕ ಹಾದು. ನನ್ನ ಚೀಲದಲ್ಲಿ ಕತ್ತರಿ, ಅಳತೆಪಟ್ಟಿ, ಬೈಂಡು ಹಾಕಿದ ರೆಕಾರ್ಡ್ ಪುಸ್ತಕ. ಕಂಕುಳಲ್ಲಿ ಆದಿ ಉಡುಪಿಯ ಸಂತೆಯಿಂದ ಕೊಂಡ ಬಿದಿರಿನ ಸೀಳುಗಳ ಒಂದು ಕಟ್ಟು.

ಗೇರುಮರದ ಅಡಿಯಲ್ಲಿ ಹಿರಿಯಾಕೆ ಕಾಲು ಚಾಚಿ ಕೂತಿದ್ದರು. ಕಾಲಿನ ಹೆಬ್ಬೆರಳಿನ ಸಂದಿಯಲ್ಲಿ ಬುಟ್ಟಿಯ ಅಡಿಯನ್ನು ಒತ್ತಿ ಹಿಡಿದು ಎರಡೂ ಕೈಯಲ್ಲಿ ಬೂರು ಸುತ್ತುತ್ತಿದ್ದರು. ಬೂರೆಂದರೆ ತುಳುವಿನಲ್ಲಿ ಬಳ್ಳಿ. ಪಕ್ಕದಲ್ಲಿ ಬೂರು ಒದ್ದೆ ಮಾಡಲು ತೆಂಗಿನ ಗೆರಟೆಯಲ್ಲಿ ನೀರು. ಸ್ವಲ್ಪ ದೂರದಲ್ಲಿ ಅವರ ಸೊಸೆ ಬೂರಿನ ಸಿಪ್ಪೆ ಕೆರೆಯುತ್ತಿದ್ದಳು. ಮಾತೆಲ್ಲ ತುಳುವಿನಲ್ಲಿ ನಡೆದದ್ದು. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮನವರೇ ಎನ್ನುವ 'ಅಕ್ಕೆರೆ'ಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ.

ನರ್ಸ್ ಗೆಳತಿ ನನ್ನ ಕಥೆ ಹೇಳಿದಳು. ಹಿರಿಯಾಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಟೀಚರ್ ಆಗ್ಲಿಕ್ಕೆ ಕುಡುಪು ಯಾಕೆ ಅಕ್ಕೆರೆ? ಮಕ್ಕಳನ್ನು ಬಸಿಯುವುದಾ?"

ಸೊಸೆ ನಕ್ಕಳು. ನಾನೂ ನಕ್ಕೆ. ಎಲ್ಲ ಸರಿಯಾಗಿಯೇ ಶುರುವಾಗಿತ್ತು. ಹಿರಿಯಾಕೆ ಅಷ್ಟರಲ್ಲಿ ಮುಗಿಸಿದ್ದ ಒಂದು ಕುಡುಪನ್ನು ಎತ್ತಿ "ಇಗೊಳ್ಳಿ, ಮೊದಲು ಕೈಯಲ್ಲಿ ಹಿಡಿದು ನೋಡಿ" ಎಂದು ನನ್ನ ಕಡೆಗೆ ಚಾಚಿದರು.

ಆಗ ನನ್ನ ಕೈ ಮಾಡಿದ ಕೆಲಸವನ್ನು ನಾನು ಮಾಡಿದೆನೆಂದು ಹೇಳಲು ಈಗಲೂ ಕಷ್ಟವಾಗುತ್ತದೆ. ಗೆರಟೆಯಲ್ಲಿ ಬೆರಳು ಅದ್ದಿ, ಕುಡುಪಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಆಮೇಲೆ ಅದನ್ನು ಹಿಡಿದುಕೊಂಡೆ. ನಮ್ಮ ಮನೆಯಲ್ಲಿ ಹೊಸ ಬುಟ್ಟಿ ಅಂಗಳದಿಂದ ಒಳಗೆ ಬರುವ ಮೊದಲು ಅಜ್ಜಿ ಹಾಗೆ ಮಾಡುತ್ತಿದ್ದರು. ಅಜ್ಜಿಗೆ ಸೊಂಟ ನೋವು ಬಂದ ಮೇಲೆ ಆ ಕೆಲಸ ನನ್ನದಾಗಿತ್ತು. ಯಾಕೆ ಎಂದು ನಾನು ಕೇಳಿದವಳೂ ಅಲ್ಲ, ಅವರು ಹೇಳಿದವರೂ ಅಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವ ಹಾಗೆ ಅದೂ ಒಂದು.

ಸೊಸೆಯ ಕೈಯ ಕತ್ತಿ ನಿಂತಿತು. ಗೆಳತಿ ಹಣೆಗೆ ಕೈ ಹಚ್ಚಿಕೊಂಡಳು.

ಹಿರಿಯಾಕೆ ಸಿಟ್ಟಾಗಲಿಲ್ಲ. "ಅದು ನಿಮ್ಮ ಮನೆ ಬಾಗಿಲಲ್ಲಿ ಮಾಡುವುದಲ್ವಾ?" ಎಂದರು. "ಇದು ನನ್ನ ಜಾಗ. ನೀವು ನನ್ನ ನೀರಿನಿಂದಲೇ ನನ್ನ ಬುಟ್ಟಿಯನ್ನು ಶುದ್ಧ ಮಾಡಿದಿರಿ. ಈಗ ಅದು ಎಂತ ಆಯಿತು, ಶುದ್ಧವಾ, ಅಶುದ್ಧವಾ?"

ಅವರು ಕುಡುಪನ್ನು ಮರಳಿ ತೆಗೆದುಕೊಂಡು ಸೆರಗಿನಿಂದ ನೀರು ಒರೆಸಿದರು. "ಇವತ್ತು ಆಗ್ಲಿಕ್ಕಿಲ್ಲ. ಬೂರು ಮುಗಿದಿದೆ" ಎಂದರು. ಬೂರಿನ ದೊಡ್ಡ ಸುರುಳಿ ಅವರ ಬೆನ್ನ ಹಿಂದೆಯೇ ಇತ್ತು.

ಬಸ್ಸಿನಲ್ಲಿ ಗೆಳತಿ ಹಿರಿಯಡ್ಕದ ತನಕ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಆಮೇಲೆ ಶುರು ಮಾಡಿದವಳು ಮಣಿಪಾಲದ ತನಕ ನಿಲ್ಲಿಸಲಿಲ್ಲ.

"ಎಂತ ಮಾರಾಯ್ತಿ ನೀನು! ನಾನು ಆ ಮನೆಯ ಮಗುವಿಗೆ ಸೂಜಿ ಚುಚ್ಚಬೇಕಾದರೆ ಮೂರು ತಿಂಗಳು ಓಡಾಡಿದ್ದೇನೆ. ನೀನು ಮೂರು ನಿಮಿಷದಲ್ಲಿ ಎಲ್ಲ ತೊಳೆದು ಹಾಕಿದೆ."

"ಬೇಕೆಂದು ಮಾಡಿದ್ದಲ್ಲ."

"ಬೇಕೆಂದು ಮಾಡಿದ್ದರೆ ಬೈದು ಬಿಡಬಹುದಿತ್ತು. ಅದೇ ಕಷ್ಟ."

ಮನೆಯಲ್ಲಿ ಅಜ್ಜಿಗೆ ಹೇಳಿದೆ. ಮುಚ್ಚಿಡಲು ನನಗೆ ಬರುವುದಿಲ್ಲ. ಅಜ್ಜಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು. ನನಗೆ ಮಾತು ಕಲಿಸಿದವರು ಅವರೇ, ಗಾದೆ ಒಗಟು ಎಲ್ಲ ಅವರ ಕಡೆಯಿಂದಲೇ ಬಂದದ್ದು. ಆ ದಿನ ಮಾತ್ರ ಅವರ ಬಳಿ ಗಾದೆ ಇರಲಿಲ್ಲ.

"ಅದರಲ್ಲಿ ತಪ್ಪೆಂತದು? ನನ್ನ ಅತ್ತೆ ಮಾಡ್ತಿದ್ದರು, ನಾನು ಮಾಡಿದೆ" ಎಂದರು. ಎಲೆ ಮಡಚಿ ಬಾಯಿಗಿಟ್ಟರು. "ಆದರೆ ಎದುರಿಗೇ ಮಾಡಿದ್ದು ಸರಿಯಾಗಲಿಲ್ಲ ಅಂತ ನಿನಗೆ ಅನ್ನಿಸಿತಲ್ಲ. ಹಾಗಾದರೆ ಅವರು ಹೋದ ಮೇಲೆ ಮಾಡುವುದು ಹೇಗೆ ಸರಿ? ನನಗೆ ಗೊತ್ತಾಗುವುದಿಲ್ಲ ಮಗಾ. ನೀನು ಕಲಿತವಳು, ನೀನೇ ನೋಡು."

ಪರೀಕ್ಷೆಗೆ ಐದು ವಾರ ಉಳಿದಿತ್ತು. ಬೇರೆ ಕಸುಬು ಹಿಡಿಯಲು ಸಮಯವೂ ಇರಲಿಲ್ಲ, ಮಲ್ಪೆಯ ಬಲೆ ಹೆಣಿಗೆಗೆ ಹೋದರೆ ಅಲ್ಲಿಯೂ ಇದೇ ಕೈ ತಾನೆ. ಮುಂದಿನ ಭಾನುವಾರ ಒಬ್ಬಳೇ ಹೊರಟೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ವಾಕ್ಯಗಳನ್ನು ಬಾಯಿಪಾಠ ಮಾಡಿದೆ. ತಲುಪಿದಾಗ ಹಿರಿಯಾಕೆ ಸೊಂಟಕ್ಕೆ ಕತ್ತಿ ಸಿಕ್ಕಿಸಿ ಗುಡ್ಡಕ್ಕೆ ಹೊರಟಿದ್ದರು.

"ನಾನು ಮೊನ್ನೆ..." ಎಂದು ಶುರು ಮಾಡಿದೆ.

"ಬಿಸಿಲು ಏರುತ್ತದೆ. ಬರುವುದಾದರೆ ಬನ್ನಿ" ಎಂದು ಅವರು ನಡೆದರು.

ಹಿಂದಿನ ವಾರ ಅಲ್ಲೇ ಬಿಟ್ಟು ಬಂದಿದ್ದ ನನ್ನ ಬಿದಿರಿನ ಕಟ್ಟನ್ನು ಅಂಗಳದ ಬದಿಯಲ್ಲಿ ಅಲಸಂಡೆ ಬಳ್ಳಿಗೆ ಆಸರೆಯಾಗಿ ನೆಟ್ಟಿದ್ದರು. ಅದನ್ನು ತೋರಿಸಿ "ಕುಡುಪಿಗೆ ಬೇಡವಾ?" ಎಂದೆ.

"ಬೇರೆಯವರು ಕಡಿದು ತಂದದ್ದರಲ್ಲಿ ನಾವು ಹೆಣೆಯುವುದಿಲ್ಲ. ಬೂರನ್ನು ಎಳೆಯುವಾಗಲೇ ಅದು ಎಲ್ಲಿ ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಅಂತ ಕೈಗೆ ಗೊತ್ತಾಗಬೇಕು. ಅಂಗಡಿಯವನ ಕೈಗೆ ಗೊತ್ತಾದರೆ ನಿಮಗೆ ಎಂತ ಪ್ರಯೋಜನ?"

ಆ ದಿನ ಕಲಿತದ್ದು ಇಷ್ಟು. ಮರದಿಂದ ಜೋತುಬಿದ್ದ ಬೂರಲ್ಲ, ನೆಲದಲ್ಲಿ ಹರಿದದ್ದು ಬೇಕು. ಹೆಬ್ಬೆರಳಿಗೆ ಸುತ್ತಿ ನೋಡಬೇಕು. ಸಿಪ್ಪೆ ಬಿರಿದರೆ ಬಿಟ್ಟುಬಿಡಬೇಕು. ಬುಡ ಕೀಳಬಾರದು. ಒಂದೇ ಕಡೆ ಮೂರಕ್ಕಿಂತ ಹೆಚ್ಚು ಎಳೆಯಬಾರದು. ಕೆಂಪು ಚಿಗಳಿ ಇರುವೆ ರವಿಕೆಯೊಳಗೆ ಬಿದ್ದರೆ ಕುಣಿಯಬಾರದು, ಕುಣಿದರೆ ಅವು ಇನ್ನೂ ಕಚ್ಚುತ್ತವೆ. ಕೊನೆಯದನ್ನು ನಾನು ಪಾಲಿಸಲಿಲ್ಲ. ಹಿರಿಯಾಕೆ ಕತ್ತಿ ಕೆಳಗಿಟ್ಟು ನಗಲು ಕೂತರು.

ನಾನು ಮನೆಯಿಂದ ಬಾಟಲಿಯಲ್ಲಿ ನೀರು ಒಯ್ದಿದ್ದೆ. ಯಾಕೆ ಒಯ್ದೆನೆಂಬುದನ್ನು ಸುಳ್ಳು ಹೇಳುವುದಿಲ್ಲ. ಅವರ ಮನೆಯಲ್ಲಿ ಕುಡಿಯಬೇಕಾಗಬಾರದು ಎಂದೇ. ಗುಡ್ಡ ಇಳಿದು ಬಂದ ಕೂಡಲೇ ಹಿರಿಯಾಕೆ ಆ ಬಾಟಲಿಯನ್ನು ಕೇಳಿ ತೆಗೆದುಕೊಂಡು, ತಂದ ಬೂರಿನ ಸುರುಳಿಯ ಮೇಲೆ ಗಳಗಳನೆ ಖಾಲಿ ಮಾಡಿದರು.

"ಒಣಗಿದರೆ ಬಗ್ಗುವುದಿಲ್ಲ" ಎಂದರು, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಬಾವಿ ಹತ್ತು ಹೆಜ್ಜೆಯಲ್ಲಿತ್ತು. ಅರ್ಧ ಗಂಟೆ ತಡೆದೆ. ಮಾರ್ಚ್ ತಿಂಗಳ ಬಿಸಿಲು. ಆಮೇಲೆ ಸೊಸೆಯ ಹತ್ತಿರ ನೀರು ಕೇಳಿದೆ. ಅವಳು ಚೊಂಬು ಕೊಟ್ಟು, ನಾನು ಕುಡಿದು ಮುಗಿಸುವ ತನಕ ಎದುರಿಗೇ ನಿಂತು ನೋಡಿದಳು. ಹಿರಿಯಾಕೆ ಪಕ್ಕದ ನೆಲವನ್ನು ಕೈಯಿಂದ ಸವರಿ "ಕೂತುಕೊಳ್ಳಿ, ಕಡ್ಡಿ ಇಡುವ" ಎಂದರು.

ಕಲಿಸುವುದೆಂದರೆ ಅವರಿಗೆ ಮಾತಲ್ಲ. ನನ್ನ ಬೆನ್ನ ಹಿಂದೆ ಕೂತು, ಎರಡೂ ತೋಳುಗಳನ್ನು ನನ್ನ ಸುತ್ತ ತಂದು, ನನ್ನ ಬೆರಳುಗಳ ಮೇಲೆ ಅವರ ಬೆರಳುಗಳನ್ನಿಟ್ಟು ಹೆಣೆಯುವುದು. ಎಳೆಯ ಮಕ್ಕಳಿಗೆ ಅಕ್ಷರ ತಿದ್ದಿಸುವ ಹಾಗೆ. ಆ ಬೆರಳುಗಳು ಒಣಗಿದ ಅಡಿಕೆಯ ಹಾಗೆ ಗಟ್ಟಿ. ನಾನು ಟ್ರೈನಿಂಗಿನವಳಲ್ಲವೇ, ಎಳೆ ಸುತ್ತಿ ಬರಲು ಬುಟ್ಟಿಯ ಅಡಿಯಿಂದ ಹೊರಗೆ ಚಾಚುವ ಕಡ್ಡಿಗಳನ್ನು ಅಂದವಾಗಿ ಹದಿನಾರು ಎಣಿಸಿ ಇಟ್ಟೆ. ಸುತ್ತು ಬರುವಾಗ ಎಳೆ ಮೇಲೆ ಹೋದದ್ದು ಮೇಲೆಯೇ, ಕೆಳಗೆ ಹೋದದ್ದು ಕೆಳಗೆಯೇ. ಹೆಣಿಗೆಯೇ ಆಗಲಿಲ್ಲ.

"ಒಂದು ಹೆಚ್ಚಿಗೆ ಬೇಕು. ಜೋಡಿಯಾದರೆ ಎರಡೂ ಒಪ್ಪಿಕೊಂಡು ಸುಮ್ಮನೆ ಕೂತುಬಿಡುತ್ತವೆ. ಒಂಟಿ ಒಂದು ಇದ್ದರೆ ಅದು ತಕರಾರು ತೆಗೆದು ಎಳೆಯನ್ನು ಮೇಲೆ ಕೆಳಗೆ ಓಡಿಸುತ್ತದೆ" ಎಂದರು.

"ನಮ್ಮ ಮನೆಯಲ್ಲಿ ಆ ಒಂಟಿ ಕಡ್ಡಿ ಅತ್ತೆಯೇ" ಎಂದಳು ಸೊಸೆ.

ಹೀಗೆ ನಾಲ್ಕು ಭಾನುವಾರ. ಹೆಣೆದದ್ದಕ್ಕಿಂತ ಬಿಚ್ಚಿದ್ದು ಹೆಚ್ಚು. "ಬಿಚ್ಚಿ" ಎನ್ನುವುದು ಅವರ ಬಾಯಿಯ ಒಂದು ಉಸಿರಾಗಿತ್ತು. ಮಧ್ಯಾಹ್ನದ ಮೇಲೆ ಅವರ ಮಗ ಡೋಲಿನ ಚರ್ಮವನ್ನು ಬಿಸಿಲಿಗೆ ಕಾಯಿಸಿ ಎರಡು ಪೆಟ್ಟು ಹಾಕಿ ನೋಡುತ್ತಿದ್ದ. ಕೊನೆಯ ಭಾನುವಾರ ನನ್ನ ಕುಡುಪು ಪೂರ್ತಿಯಾಯಿತು. ನೆಲದಲ್ಲಿಟ್ಟರೆ ಒಂದು ಬದಿಗೆ ವಾಲುತ್ತಿತ್ತು. ಗೋಡೆಗೆ ತೂಗುಹಾಕಿದ್ದ ಅವರ ಕುಡುಪುಗಳಲ್ಲಿ ಒಂದನ್ನು ತೋರಿಸಿ, ಅದನ್ನು ಕೊಡುತ್ತೀರಾ, ಪರೀಕ್ಷೆಗೆ ಅದನ್ನೇ ಇಡುತ್ತೇನೆ ಎಂದೆ.

"ಕೊಡುವ. ಅದನ್ನು ಇಟ್ಟರೆ ಪಾಸಾಗುವುದು ನಾನು" ಎಂದರು. "ನನಗೆ ಯಾವ ಶಾಲೆಯಲ್ಲಿ ಕೆಲಸ ಕೊಡುತ್ತಾರೆ, ಕೇಳಿಕೊಂಡು ಬನ್ನಿ."

ವಾಲುವ ಕುಡುಪನ್ನೇ ತೆಗೆದುಕೊಂಡು ಬಂದೆ.

ರೆಕಾರ್ಡ್ ಪುಸ್ತಕದ ಕೊನೆಯ ಪುಟದಲ್ಲಿ 'ಕಲಿಸಿದವರ ಸಹಿ' ಎಂದು ಒಂದು ಜಾಗ ಇತ್ತು. ನಮ್ಮ ಮೇಷ್ಟ್ರು ಎಲ್ಲರ ಪುಸ್ತಕಕ್ಕೂ ಸಾಲಾಗಿ ಸಹಿ ಹಾಕಿದಂತೆ ನನ್ನದಕ್ಕೂ ಹಾಕಿದರು. ನಾನೂ ಏನೂ ಹೇಳಲಿಲ್ಲ.

ಪರೀಕ್ಷೆಗೆ ಬಂದವರು ಮಂಗಳೂರು ಕಡೆಯ ಒಬ್ಬ ಹಿರಿಯ ಮೇಡಂ. ಕುಡುಪನ್ನು ತಿರುಗಿಸಿ ನೋಡಿ, ಎದ್ದು, ಹಾಸ್ಟೆಲಿನ ಅಡುಗೆಮನೆಗೆ ನಡೆದರು. ನಾವೆಲ್ಲ ಹಿಂದೆ. ಬೇಯುತ್ತಿದ್ದ ಹಂಡೆಯಿಂದ ನಾಲ್ಕು ಸಟ್ಟುಗ ಅನ್ನವನ್ನು ಗಂಜಿ ಸಮೇತ ಅದರೊಳಗೆ ಸುರಿಯಲು ಅಡುಗೆಯವಳಿಗೆ ಹೇಳಿದರು. ಕುಡುಪು ವಾಲಿತು. ಗಂಜಿ ಮೇಡಂರ ಚಪ್ಪಲಿಯ ಮೇಲೆ ಇಳಿಯಿತು. ಅಗುಳು ಒಂದೂ ಬೀಳಲಿಲ್ಲ.

"ಓರೆ ಉಂಟು. ಆದರೆ ಕುಡುಪೇ ಹೌದು" ಎಂದರು.

ಆದರೆ ಅವರು ರೆಕಾರ್ಡ್ ಪುಸ್ತಕ ತೆರೆದು ಕೊನೆಯ ಪುಟಕ್ಕೆ ಹೋಗಿ, ಮೇಷ್ಟ್ರ ಕಡೆ ತಿರುಗಿದರು.

"ನೀವೇ ಕಲಿಸಿದ್ದಾ ಸಾರ್? ಕಡ್ಡಿ ಎಷ್ಟು ಇಡುವುದು?"

"ಅದು... ಎಂಟು, ಹತ್ತು, ಹದಿನಾರು. ಬೇಕಾದಷ್ಟು ಮೇಡಂ."

"ಜೋಡಿ ಕಡ್ಡಿಯಲ್ಲಿ ಹೆಣೆದು ತೋರಿಸುತ್ತೀರಾ?"

ಮೇಷ್ಟ್ರ ಕಿವಿ ಕೆಂಪಾಯಿತು. ನಾನು ನಿಜ ಹೇಳಿದೆ. ಮೇಡಂ ಬೈಯಲಿಲ್ಲ. ಆ ಸಹಿಯ ಮೇಲೆ ಒಂದು ಅಡ್ಡಗೆರೆ ಎಳೆದು, "ಮಾರ್ಕು ಬರೆದಿಟ್ಟಿದ್ದೇನೆ. ಕಲಿಸಿದವರ ಗುರುತು ಬಂದ ಮೇಲೆ ಕಚೇರಿಯವರು ಪಾಸಾದವರ ಪಟ್ಟಿಯಲ್ಲಿ ಸೇರಿಸಲಿ. ಬುಧವಾರ ಪಟ್ಟಿ ಹೋಗುತ್ತದೆ" ಎಂದರು. ಅದು ಸೋಮವಾರ.

ಮಂಗಳವಾರ ಬೆಳಿಗ್ಗೆ ಅಂಚೆಕಚೇರಿಯಿಂದ ಶಾಯಿಪ್ಯಾಡ್ ಕೇಳಿ ತಂದು ಮೊದಲ ಬಸ್ಸು ಹಿಡಿದೆ. ಒಂದು ಹೆಬ್ಬೆಟ್ಟು ಒತ್ತುವುದು ಎಷ್ಟು ಹೊತ್ತಿನ ಕೆಲಸ, ಮಧ್ಯಾಹ್ನಕ್ಕೆ ಉಡುಪಿಗೆ ಮರಳಬಹುದೆಂದು ಲೆಕ್ಕ ಹಾಕಿದ್ದೆ.

ಹಿರಿಯಾಕೆ ಪ್ಯಾಡ್ ನೋಡಿದ ಕೂಡಲೇ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿದರು.

"ಇದೊಂದು ಕೇಳಬೇಡಿ."

"ಕುಡುಪು ಕಲಿಸಿದ್ದು ನೀವೇ ಅಂತ, ಅಷ್ಟೇ."

"ಅವತ್ತೂ ಅಷ್ಟೇ ಅಂದಿದ್ದರು. ನನ್ನ ಗಂಡ ಒತ್ತಿದ. ಗುಡ್ಡದ ಆ ಬದಿಯಲ್ಲಿ ನಮ್ಮದೊಂದು ತುಂಡು ಜಾಗ ಇತ್ತು. ಬಾಯಲ್ಲಿ ಓದಿ ಹೇಳಿದ್ದು ಒಂದು, ಕಾಗದದಲ್ಲಿ ಇದ್ದದ್ದು ಇನ್ನೊಂದು."

ಇದರ ಮೇಲೆ ನನ್ನ ಕೆಲಸ ನಿಂತಿದೆ ಎಂದೆ. ಅಪ್ಪನ ವಿಷಯ ಹೇಳಿದೆ. ಅವರು ಅದನ್ನೂ ಕೇಳಿದರು. ಕೇಳಿ, "ಹಾಗಾದರೆ ಆ ಪುಸ್ತಕದಲ್ಲಿ ಬರೆದದ್ದು ಇಡೀ ಓದಿ. ಒಂದು ಶಬ್ದ ಬಿಡಬಾರದು" ಎಂದರು. ಮಗನನ್ನು ಕರೆದು ನನ್ನ ಹೆಗಲ ಹಿಂದೆ ನಿಲ್ಲಿಸಿದರು. ಅವನಿಗೆ ಎರಡನೆಯ ಕ್ಲಾಸಿನವರೆಗಿನ ಕನ್ನಡ ಬರುತ್ತಿತ್ತು; ಬೆರಳಿಟ್ಟು ಸಾಲು ಹಿಂಬಾಲಿಸಿದ.

ನಾನು ಓದಿ, ತುಳುವಿನಲ್ಲಿ ಹೇಳತೊಡಗಿದೆ. "ಕೊರಗರು ಕಾಡಿನಲ್ಲಿ ವಾಸಿಸುವ ಸರಳ ಜನರು."

"ಇದು ಕಾಡಾ? ನೀವು ಬಂದದ್ದು ಬಸ್ಸಿನಲ್ಲಲ್ವಾ? ಸರಳ ಅಂದರೆ ಎಂತ?"

"ಅಂದರೆ... ತಕರಾರು ಮಾಡದವರು."

"ಅತ್ತೆಯನ್ನು ನೋಡಿ ಬರೆದದ್ದಲ್ಲ ಅದು" ಎಂದಳು ಸೊಸೆ ಒಳಗಿನಿಂದ. ಆ ಸಾಲು ಹೋಯಿತು.

"ಬಿಡುವಿನ ವೇಳೆಯಲ್ಲಿ ಬುಟ್ಟಿ ಹೆಣೆಯುತ್ತಾರೆ."

"ನನ್ನ ಬಿಡುವನ್ನು ಎಲ್ಲಿ ಕಂಡಿರಿ? ನನಗೂ ತೋರಿಸಿ."

ಅದೂ ಹೋಯಿತು. "ಡೋಲು ಬಾರಿಸುವುದೆಂದರೆ ಇವರಿಗೆ ತುಂಬಾ ಇಷ್ಟ" ಎಂಬಲ್ಲಿ ಮಗನ ಬೆರಳು ನಿಂತಿತು. "ನಮಗೆ ಮನಸ್ಸಾದಾಗ ಬಾರಿಸುವುದು ಇಷ್ಟ. ಕರೆಸಿ ಬಾರಿಸು ಎನ್ನುವುದು ಬೇರೆ. ಎರಡನ್ನೂ ಬರೆಯಿರಿ" ಎಂದ. ಬರೆದೆ. ಬೂರು ಎಂದು ಮಾತ್ರ ಬರೆದಿದ್ದ ಕಡೆಯಲ್ಲೆಲ್ಲ ಯಾವ ಬೂರು ಎಂದು ಬರೆಸಿದರು. ಒಂದು ಕಡೆ ಮೂರೇ ಬೂರು ಎಳೆಯುವ ಲೆಕ್ಕವನ್ನು ನಾನು ಬಿಟ್ಟೇ ಬಿಟ್ಟಿದ್ದೆ, ಅದು ಸೇರಿತು. ಇಪ್ಪತ್ತೆರಡು ಪುಟಗಳಲ್ಲಿ ಗೀಚು ಬೀಳದ ಪುಟ ಒಂದೂ ಉಳಿಯಲಿಲ್ಲ. ಮಧ್ಯಾಹ್ನದ ಬಸ್ಸು ಹೋಯಿತು. ಸೊಸೆ ಗಂಜಿ ಬಡಿಸಿದಳು, ಉಪ್ಪಿನಕಾಯಿ ಜೊತೆ ಉಂಡೆ.

ಕೊನೆಯ ಪುಟಕ್ಕೆ ಬಂದಾಗ ಹಿರಿಯಾಕೆ "ಇಲ್ಲಿ ಎಂತ ಉಂಟು?" ಎಂದರು.

"ಕಲಿಸಿದವರ ಸಹಿ. ಇದು ನಮ್ಮ ಮೇಷ್ಟ್ರದ್ದು, ಹೊಡೆದು ಹಾಕಿದ್ದಾರೆ."

"ಪಾಪ" ಎಂದರು, ನಿಜವಾದ ಮರುಕದಿಂದ. ಆಮೇಲೆ ಸೆರಗಿನೊಳಗಿಂದ ಬಲಗೈ ಹೊರಗೆ ಬಂತು. ಪ್ಯಾಡಿನ ಮೇಲೆ ಹೆಬ್ಬೆಟ್ಟನ್ನು ಒತ್ತಿ, ಪುಟದ ಮೇಲೆ ಇಟ್ಟು, ಬುಟ್ಟಿಯ ಅಡಿಯನ್ನು ಹಿಡಿಯುವ ಹಾಗೆ ಭಾರ ಹಾಕಿದರು. ತೆಗೆದು ನೋಡಿದರೆ ನೀಲಿಯ ಒಂದು ಬೊಟ್ಟು. ಗೆರೆ ಒಂದೂ ಇಲ್ಲ. ಇನ್ನೊಮ್ಮೆ ಒತ್ತಿದರು. ಅದೂ ಹಾಗೆಯೇ. ಐವತ್ತು ವರ್ಷ ಬೂರು ಎಳೆದ ಬೆರಳಿನಲ್ಲಿ ಮೂಡಲು ಗೆರೆ ಉಳಿದಿರಲಿಲ್ಲ.

ಬುಧವಾರ ಕಚೇರಿಯ ಗುಮಾಸ್ತರು ಅದನ್ನು ಕನ್ನಡಕ ಏರಿಸಿ, ಇಳಿಸಿ ನೋಡಿದರು.

"ಇದು ಶಾಯಿ ಚೆಲ್ಲಿದ್ದು. ಹೆಬ್ಬೆಟ್ಟು ಅಂತ ನಾನು ಹೇಗೆ ತೆಗೆದುಕೊಳ್ಳಲಿ?"

ಪಕ್ಕದ ಮೇಜಿನಲ್ಲಿದ್ದ ಕ್ರಾಫ್ಟ್ ಮೇಷ್ಟ್ರು ಎದ್ದು ಬಂದರು. ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದವರು. ಪುಸ್ತಕ ತೆಗೆದುಕೊಂಡು ಪುಟ ಮಗುಚುತ್ತಾ, ಗೀಚಿದ್ದನ್ನೂ ಅಂಚಿನಲ್ಲಿ ಹೊಸದಾಗಿ ಬರೆದದ್ದನ್ನೂ ನಿಂತಲ್ಲೇ ಓದಿದರು. ಗುಮಾಸ್ತರು ಎರಡು ಸಲ ಗಡಿಯಾರ ನೋಡಿದರು. ಮೇಷ್ಟ್ರು ಓದಿ ಮುಗಿಸಿ, ಪೆನ್ನು ತೆಗೆದು, ಆ ಎರಡು ಬೊಟ್ಟುಗಳ ಕೆಳಗೆ 'ಇದು ಕಲಿಸಿದವರ ಹೆಬ್ಬೆಟ್ಟು. ಕೆಲಸದಿಂದ ಗೆರೆ ಸವೆದಿದೆ' ಎಂದು ಬರೆದು, ಸಾಕ್ಷಿ ಎಂಬಲ್ಲಿ ತಮ್ಮ ಸಹಿ ಹಾಕಿದರು.

ಗುಮಾಸ್ತರು ಪಟ್ಟಿಯನ್ನು ಎಳೆದುಕೊಂಡು ನನ್ನ ನಂಬರನ್ನು ಕೊನೆಯಲ್ಲಿ ಸೇರಿಸಿದರು.